ಕಬ್ಬಿನ ಬಿಲ್ಲು ಮತ್ತು 14 ದಿನಗಳ ಕಾನೂನು

ನಗರಗಳಲ್ಲಿ ನೌಕರಿ ಮಾಡುವ ನಮಗೆ ಸಂಬಳ ತಿಂಗಳ ಕೊನೆಗೆ ಖಾತೆಗೆ ಬಂದು ಬೀಳುತ್ತದೆ. ಒಂದು ದಿನ ತಡವಾದರೂ ಆಫೀಸಿನ ವಾಟ್ಸಾಪ್ ಗುಂಪುಗಳಲ್ಲಿ ಗುಲ್ಲೇಳುತ್ತದೆ. ಆದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಪುಣೆ, ಮುಂಬೈ, ಬೆಂಗಳೂರು ಸೇರಿದ ನಮ್ಮಂಥ ಅನೇಕರ ಮನೆಗಳಲ್ಲಿ ಇನ್ನೊಂದು ಸಂಬಳದ ಲೆಕ್ಕವೂ ಇರುತ್ತದೆ. ಅದು ವರ್ಷಕ್ಕೊಮ್ಮೆ ಬರುವ ಸಂಬಳ. ಬರುವ ತಾರೀಖು ಮಾತ್ರ ಯಾರಿಗೂ ಗೊತ್ತಿರುವುದಿಲ್ಲ. ಊರಲ್ಲಿ ಅದನ್ನು ‘ಕಬ್ಬಿನ ಬಿಲ್ಲು’ ಎನ್ನುತ್ತಾರೆ.

ಕೃಷಿ ಕಾಯ್ದೆ ಎಂದೊಡನೆ ನಮಗೆ ನೆನಪಾಗುವುದು 2020ರ ಮೂರು ಕಾಯ್ದೆಗಳು. ದಿಲ್ಲಿಯ ಗಡಿಯಲ್ಲಿ ರೈತರು ವರ್ಷಗಟ್ಟಲೆ ಕೂತರು, 2021ರ ಕೊನೆಗೆ ಕಾಯ್ದೆಗಳು ವಾಪಸಾದವು. ಎಪಿಎಂಸಿ ಹೊರಗೆ ಮಾಲು ಕೊಂಡ ವ್ಯಾಪಾರಿ ಅದೇ ದಿನ, ಹೆಚ್ಚೆಂದರೆ ಮೂರು ಕೆಲಸದ ದಿನಗಳೊಳಗೆ ಹಣ ಕೊಡಬೇಕು ಎಂಬ ಮಾತು ಅವುಗಳಲ್ಲೊಂದರಲ್ಲಿ ಇತ್ತು. ಆ ಗದ್ದಲದಲ್ಲಿ ಕಬ್ಬಿನ ಹೆಸರು ಹೆಚ್ಚು ಕೇಳಿಬರಲಿಲ್ಲ. ಕಬ್ಬು ಎಪಿಎಂಸಿಗೆ ಹೋಗುವ ಬೆಳೆಯಲ್ಲ, ನೇರವಾಗಿ ಕಾರ್ಖಾನೆಗೆ ಹೋಗುವ ಬೆಳೆ. ಅದಕ್ಕೆ ಬೇರೆಯದೇ ಕೇಂದ್ರ ಕಾನೂನು ಇದೆ. ಅಗತ್ಯ ವಸ್ತುಗಳ ಕಾಯ್ದೆಯಡಿ ಹೊರಡಿಸಿದ 1966ರ ಕಬ್ಬು (ನಿಯಂತ್ರಣ) ಆದೇಶವೇ ಅದು.

ಆ ಆದೇಶ ಹೇಳುವುದು ಬಹಳ ಸರಳ. ಕಬ್ಬು ಕಾರ್ಖಾನೆಗೆ ತಲುಪಿದ 14 ದಿನಗಳೊಳಗೆ ರೈತನಿಗೆ ಹಣ ಸಂದಾಯವಾಗಬೇಕು. ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಿ ಕೊಡಬೇಕು. ಬಾಕಿ ಉಳಿಸಿಕೊಂಡ ಕಾರ್ಖಾನೆಯಿಂದ ಭೂಕಂದಾಯದ ಬಾಕಿಯಂತೆ ಅದನ್ನು ವಸೂಲಿ ಮಾಡಬಹುದು. ಇಷ್ಟು ಸ್ಪಷ್ಟವಾದ ಗಡುವು ನಮ್ಮ ದೇಶದಲ್ಲಿ ಹೆಚ್ಚಿನ ಬೆಳೆಗಳಿಗೆ ಇಲ್ಲ.

ನಮ್ಮ ಅಣ್ಣ ರಾಯಬಾಗ ತಾಲ್ಲೂಕಿನಲ್ಲಿ ನಾಲ್ಕು ಎಕರೆ ಕಬ್ಬು ಮಾಡುತ್ತಾನೆ. ಹಂಗಾಮು ಶುರುವಾಗುವ ಹೊತ್ತಿಗೆ ಫೋನಿನಲ್ಲಿ ನಾನು ಈ ಸಲದ ದರ ಎಷ್ಟಾಯಿತು ಎಂದು ಕೇಳಿದರೆ ಅವನದು ಒಂದೇ ಉತ್ತರ: “ರೇಟಿನ ಮಾತು ಎಲ್ಲಾರೂ ಆಡ್ತಾರಪಾ. ಬಿಲ್ಲು ಯಾವಾಗ ಬರ್ತೈತಿ ಅನ್ನೂದನ್ನ ಯಾರೂ ಹೇಳೂದಿಲ್ಲ.”

ಈ ಮಾತಿನ ತೂಕ ಗೊತ್ತಾಗಬೇಕಾದರೆ ಊರಿನ ಸಾಲದ ಲೆಕ್ಕ ಗೊತ್ತಿರಬೇಕು. ಕರ್ನಾಟಕದಲ್ಲಿ ಸಹಕಾರಿ ಸಂಘದ ಬೆಳೆಸಾಲಕ್ಕೆ ಬಡ್ಡಿಯಿಲ್ಲ. ಮೊದಲು 3 ಲಕ್ಷ ರೂಪಾಯಿವರೆಗೆ ಇದ್ದ ಈ ಸೌಲಭ್ಯವನ್ನು 2023ರ ಬಜೆಟ್‌ನಲ್ಲಿ 5 ಲಕ್ಷಕ್ಕೆ ಏರಿಸಿದರು. ಷರತ್ತು ಒಂದೇ, ಗಡುವಿನೊಳಗೆ ಸಾಲ ತುಂಬಬೇಕು. ಒಂದು ವರ್ಷ ನಮ್ಮ ಕಬ್ಬು ಜನವರಿಯಲ್ಲಿ ಕಟಾವಾಯಿತು. ಅರ್ಧ ಬಿಲ್ಲು ಮಾರ್ಚ್ ಮುಗಿಯುವಾಗ ಬಂತು, ಉಳಿದರ್ಧ ಬರುವ ಹೊತ್ತಿಗೆ ಮುಂಗಾರು ಹಿಡಿದಿತ್ತು. ಸೊಸೈಟಿಯ ಗಡುವು ಅಲ್ಲಿಯವರೆಗೆ ಕಾಯುವುದಿಲ್ಲ. ಅತ್ತಿಗೆಯ ಬಂಗಾರವನ್ನು ಒತ್ತೆಯಿಟ್ಟು ಸಾಲ ತುಂಬಿದರು. ಬಡ್ಡಿಯಿಲ್ಲದ ಸಾಲ ಉಳಿಸಿಕೊಳ್ಳಲು ಬಡ್ಡಿ ಸಾಲ ಮಾಡಬೇಕಾಯಿತು. ಆ ವರ್ಷ ಕಬ್ಬಿನ ದರ ಕಡಿಮೆಯೇನೂ ಇರಲಿಲ್ಲ. ಕಾರ್ಖಾನೆ ದರಕ್ಕೆ ತಕ್ಕಂತೆ ಹಣವನ್ನೂ ಕೊಟ್ಟಿತು. ಆದರೆ ತಡವಾದ ದಿನಗಳಿಗೆ ಯಾರೂ ಲೆಕ್ಕ ಕೊಡಲಿಲ್ಲ.

ಆ ಲೆಕ್ಕವನ್ನು ನಾವೇ ಹಾಕಿ ನೋಡೋಣ. ಎಕರೆಗೆ 40 ಟನ್ನಿನಂತೆ ನಾಲ್ಕು ಎಕರೆಗೆ 160 ಟನ್. ಕೈಗೆ ಬರುವ ದರ ಟನ್ನಿಗೆ 3,000 ರೂಪಾಯಿ ಎಂದು ಹಿಡಿದರೆ ಬಿಲ್ಲು 4,80,000 ರೂಪಾಯಿ. 14 ದಿನಗಳ ಮೇಲೆ ಇನ್ನೂ 90 ದಿನ ತಡವಾದರೆ ಶೇ 15ರಂತೆ ಬಡ್ಡಿ ಸುಮಾರು 17,750 ರೂಪಾಯಿ ಆಗುತ್ತದೆ. ಒಂದು ಹಂಗಾಮಿನ ಗೊಬ್ಬರದ ಖರ್ಚಿಗೆ ದೊಡ್ಡ ಆಸರೆಯಾಗುವ ಹಣ ಇದು. ನಮ್ಮ ಮನೆಯ ಪಾಸ್‌ಬುಕ್ಕಿನಲ್ಲಿ ಇಂಥದೊಂದು ಸಾಲು ಒಮ್ಮೆಯೂ ಬಿದ್ದಿಲ್ಲ. ಕೇಳಲು ಹೋದರೆ ಮುಂದಿನ ವರ್ಷ ಕಡಿಯುವ ಗ್ಯಾಂಗು ಹೊಲಕ್ಕೆ ತಡವಾಗಿ ಬಂದೀತು ಎಂಬ ಅಂಜಿಕೆ ಬೇರೆ. ಒಣಗುವ ಕಬ್ಬು ದಿನದಿನಕ್ಕೂ ತೂಕ ಕಳೆದುಕೊಳ್ಳುತ್ತದೆ. ಹೀಗಾಗಿ ರೈತ ಜಗಳಕ್ಕಿಂತ ಮೌನವೇ ಲೇಸು ಎಂದುಕೊಳ್ಳುತ್ತಾನೆ.

ಇನ್ನು ದರದ ಮಾತು. 2009ರಲ್ಲಿ ಕೇಂದ್ರ ಸರ್ಕಾರ ಹಳೆಯ ಕನಿಷ್ಠ ಬೆಲೆಯ ಪದ್ಧತಿಯನ್ನು ತೆಗೆದು ‘ನ್ಯಾಯಸಮ್ಮತ ಮತ್ತು ಲಾಭದಾಯಕ ಬೆಲೆ’ ತಂದಿತು. ನಾವೆಲ್ಲ ಎಫ್‌ಆರ್‌ಪಿ ಎನ್ನುವುದು ಇದನ್ನೇ. ರಾಜ್ಯವೊಂದು ಇದಕ್ಕಿಂತ ಹೆಚ್ಚು ದರ ಘೋಷಿಸಿದರೆ ವ್ಯತ್ಯಾಸವನ್ನು ರಾಜ್ಯವೇ ಭರಿಸಬೇಕು ಎಂಬ ಷರತ್ತೂ ಆಗ ಅದರಲ್ಲಿತ್ತು. ಉತ್ತರ ಪ್ರದೇಶದ ಬೆಳೆಗಾರರು ದಿಲ್ಲಿಯ ಬೀದಿಗಿಳಿದ ಮೇಲೆ ಆ ಷರತ್ತನ್ನು ಕೈಬಿಟ್ಟರು. ಉತ್ತರ ಪ್ರದೇಶ, ಪಂಜಾಬ್, ಹರಿಯಾಣಗಳು ಈಗಲೂ ತಮ್ಮದೇ ದರ ಘೋಷಿಸುತ್ತವೆ. ಕರ್ನಾಟಕ ಮತ್ತು ಮಹಾರಾಷ್ಟ್ರದ ರೈತರಿಗೆ ದಿಲ್ಲಿಯ ಎಫ್‌ಆರ್‌ಪಿಯೇ ಬುನಾದಿ.

ಎಫ್‌ಆರ್‌ಪಿ ನಿಂತಿರುವುದು ರಿಕವರಿಯ ಮೇಲೆ. ನೂರು ಕಿಲೋ ಕಬ್ಬಿನಿಂದ ಎಷ್ಟು ಕಿಲೋ ಸಕ್ಕರೆ ಬಂತು ಎಂಬುದೇ ರಿಕವರಿ. 2025-26ರ ಹಂಗಾಮಿಗೆ ಶೇ 10.25 ರಿಕವರಿಗೆ ಕ್ವಿಂಟಲ್‌ಗೆ 355 ರೂಪಾಯಿ. ಅಲ್ಲಿಂದ ಮೇಲೆ ಪ್ರತಿ 0.1 ಅಂಶಕ್ಕೆ 3 ರೂಪಾಯಿ 46 ಪೈಸೆ ಹೆಚ್ಚು. ಅಂದರೆ ಶೇ 11 ರಿಕವರಿಯ ಕಾರ್ಖಾನೆ ಟನ್ನಿಗೆ ಸುಮಾರು 3,810 ರೂಪಾಯಿ ಕೊಡಬೇಕು. ಅದರಲ್ಲಿ ಕಟಾವು ಮತ್ತು ಸಾಗಣೆಗೆ 800 ರೂಪಾಯಿ ಮುರಿದುಕೊಂಡರೆ ರೈತನ ಕೈಗೆ 3,010. ಟಿವಿಯಲ್ಲಿ ಕೇಳುವ ದರಕ್ಕೂ ಖಾತೆಗೆ ಬೀಳುವ ದರಕ್ಕೂ ಇರುವ ಅಂತರ ಇದೇ.

ಪತ್ರಿಕೆಗಳ ತಲೆಬರಹದಲ್ಲಿ ಕಾಣದ ಸಂಗತಿ ಇನ್ನೊಂದಿದೆ. 2009ರಲ್ಲಿ ಮೂಲ ರಿಕವರಿ ಶೇ 9.5 ಇತ್ತು. 2018-19ರಲ್ಲಿ ಶೇ 10 ಆಯಿತು, 2022-23ರಲ್ಲಿ ಶೇ 10.25. ಆ ಕೊನೆಯ ಬದಲಾವಣೆಯ ವರ್ಷ ದರ 290ರಿಂದ 305ಕ್ಕೆ, ಅಂದರೆ ಕ್ವಿಂಟಲ್‌ಗೆ 15 ರೂಪಾಯಿ ಏರಿತೆಂದು ಸುದ್ದಿಯಾಯಿತು. ಆದರೆ ಶೇ 10.25 ರಿಕವರಿಯ ಕಬ್ಬಿಗೆ ಹಿಂದಿನ ವರ್ಷದ ಸೂತ್ರದಲ್ಲೇ 297 ರೂಪಾಯಿ 25 ಪೈಸೆ ಸಿಗುತ್ತಿತ್ತು. ಅದೇ ಹೊಲದ ಅದೇ ಕಬ್ಬಿಗೆ ನಿಜವಾಗಿ ಏರಿದ್ದು 7 ರೂಪಾಯಿ 75 ಪೈಸೆ. ಸಾಫ್ಟ್‌ವೇರ್‌ನಲ್ಲಿ ಕೆಲಸ ಮಾಡುವ ನಮಗೆ ಇದು ಹೊಸದಲ್ಲ. ಅಂಕೆ ಬದಲಿಸದೆ ಅಳತೆಗೋಲನ್ನು ಬದಲಿಸಿದರೂ ಫಲಿತಾಂಶ ಬೇರೆಯಾಗುತ್ತದೆ.

ಈ ಅಳತೆಗೋಲಿನ ಜಗಳ ನ್ಯಾಯಾಲಯದ ಮೆಟ್ಟಿಲೇರಿದ್ದು ನಾನಿರುವ ಈ ಪುಣೆಯ ಕಡೆಯಿಂದ. ನಾನು ವಾಸವಾಗಿರುವ ಖಡಕಿಯಿಂದ ಶಿವಾಜಿನಗರದ ಸಾಖರ ಸಂಕುಲ ಕೆಲವೇ ಕಿಲೋಮೀಟರ್. ಮಹಾರಾಷ್ಟ್ರದ ಸಕ್ಕರೆ ಆಯುಕ್ತರ ಕಚೇರಿ ಇರುವುದು ಅಲ್ಲೇ. ಎಫ್‌ಆರ್‌ಪಿ ಬಾಕಿ ಉಳಿಸಿಕೊಂಡ ಕಾರ್ಖಾನೆಗಳ ಮೇಲೆ ವಸೂಲಿ ಆದೇಶ ಹೊರಡುವುದೂ ಅಲ್ಲಿಂದಲೇ. 2022ರ ಫೆಬ್ರವರಿಯಲ್ಲಿ ಮಹಾರಾಷ್ಟ್ರ ಸರ್ಕಾರ ಎಫ್‌ಆರ್‌ಪಿಯನ್ನು ಎರಡು ಕಂತುಗಳಲ್ಲಿ ಕೊಡಬಹುದು ಎಂದು ನಿರ್ಣಯ ಹೊರಡಿಸಿತು. ಮೊದಲ ಕಂತು ಮೂಲ ರಿಕವರಿಯ ಲೆಕ್ಕದಲ್ಲಿ, ಉಳಿದದ್ದು ಹಂಗಾಮು ಮುಗಿದು ಆ ವರ್ಷದ ರಿಕವರಿ ಖಚಿತವಾದ ಮೇಲೆ. ಕೇಳುವಾಗ ಸರಿಯೇ ಅನ್ನಿಸುತ್ತದೆ. ಆದರೆ ಡಿಸೆಂಬರ್‌ನಲ್ಲಿ ಕಬ್ಬು ಕೊಟ್ಟವನು ಎರಡನೇ ಕಂತಿಗೆ ಏಪ್ರಿಲ್-ಮೇ ತನಕ ಕಾಯಬೇಕು. 14 ದಿನ ಎಂಬ ಮಾತಿಗೆ ಅಲ್ಲಿ ಅರ್ಥವೇ ಉಳಿಯಲಿಲ್ಲ.

ರೈತ ನಾಯಕ ರಾಜು ಶೆಟ್ಟಿ ಇದನ್ನು ಬಾಂಬೆ ಹೈಕೋರ್ಟಿನಲ್ಲಿ ಪ್ರಶ್ನಿಸಿದರು. 2025ರ ಮಾರ್ಚ್‌ನಲ್ಲಿ ನ್ಯಾಯಾಲಯ ಆ ನಿರ್ಣಯವನ್ನು ರದ್ದುಮಾಡಿತು. ಕೇಂದ್ರದ ಆದೇಶವನ್ನು ಹೀಗೆ ಬದಲಿಸುವ ಅಧಿಕಾರ ರಾಜ್ಯಕ್ಕಿಲ್ಲ ಎಂದಿತು. ಹಿಂದಿನ ಹಂಗಾಮಿನ ರಿಕವರಿಯನ್ನು ಹಿಡಿದು ಒಂದೇ ಕಂತಿನಲ್ಲಿ ಕೊಡುವ ಪದ್ಧತಿಯೇ ಉಳಿಯಿತು. ನನ್ನ ಜೊತೆ ಕೆಲಸ ಮಾಡುವ ಶಿರೋಳ ತಾಲ್ಲೂಕಿನ ಗೆಳೆಯ ಅಂದು ಮರಾಠಿಯಲ್ಲಿ ಹೇಳಿದ್ದೂ ನಮ್ಮ ಅಣ್ಣನ ಮಾತನ್ನೇ: ಅಪ್ಪನಿಗೆ ದರ ಏರಿದ್ದಕ್ಕಿಂತ ತಾರೀಖು ಉಳಿದದ್ದೇ ದೊಡ್ಡದು. ಕೃಷ್ಣೆಯ ಆಚೆ ಈಚೆ ಭಾಷೆ ಬೇರೆಯಾದರೂ ಕಬ್ಬಿನ ಲೆಕ್ಕ ಒಂದೇ.

ಕಾರ್ಖಾನೆಗಳ ವಾದವನ್ನೂ ಕೇಳಬೇಕು. ಕಬ್ಬು ಬರುವುದು ನಾಲ್ಕೈದು ತಿಂಗಳಲ್ಲಿ, ಸಕ್ಕರೆ ಮಾರಾಟವಾಗುವುದು ವರ್ಷವಿಡೀ. ಯಾವ ತಿಂಗಳು ಎಷ್ಟು ಮಾರಬೇಕು ಎಂಬ ಕೋಟಾವನ್ನು ಕೇಂದ್ರವೇ ನಿಗದಿಮಾಡುತ್ತದೆ. ಸಕ್ಕರೆಯ ಕನಿಷ್ಠ ಮಾರಾಟ ಬೆಲೆಯನ್ನು 2019ರ ಫೆಬ್ರವರಿಯಲ್ಲಿ ಕಿಲೋಗೆ 31 ರೂಪಾಯಿ ಮಾಡಿದರು, 2025ರ ಕೊನೆಗೂ ಅದು ಅಷ್ಟೇ ಇತ್ತು. ಆ ಅವಧಿಯಲ್ಲಿ ಎಫ್‌ಆರ್‌ಪಿ 275ರಿಂದ 355ಕ್ಕೆ ಬಂತು. ಹೀಗಾಗಿ ಕಾರ್ಖಾನೆ ಬ್ಯಾಂಕಿನಲ್ಲಿ ಸಕ್ಕರೆ ಒತ್ತೆಯಿಟ್ಟು ಬಿಲ್ಲು ಕೊಡಬೇಕಾಗುತ್ತದೆ. ಇದು ಸುಳ್ಳಲ್ಲ. ಆದರೆ ಕಾರ್ಖಾನೆಗೆ ಬ್ಯಾಂಕು ಸಾಲ ಕೊಡುತ್ತದೆ, ಎಥನಾಲ್ ಇದೆ, ವಿದ್ಯುತ್ ಇದೆ. ನಾಲ್ಕೆಕರೆಯ ರೈತನಿಗೆ ಇರುವುದು ಹೆಂಡತಿಯ ಬಂಗಾರ. ತಡದ ಭಾರವನ್ನು ಹೊರಬೇಕಾದವರು ಯಾರು ಎಂದು ಕೇಳಿದರೆ 1966ರ ಆದೇಶ ಸ್ಪಷ್ಟವಾಗಿ ಕೊಳ್ಳುವವರು ಎನ್ನುತ್ತದೆ. ನಡೆಯುತ್ತಿರುವುದು ಅದಕ್ಕೆ ತಿರುವುಮುರುವು.

ಈ ಸಿಟ್ಟು ಎಷ್ಟು ಹಳೆಯದೆಂದು ಬೆಳಗಾವಿಗೆ ಗೊತ್ತು. 2013ರ ನವೆಂಬರ್‌ನಲ್ಲಿ ಅಧಿವೇಶನ ನಡೆಯುತ್ತಿದ್ದಾಗಲೇ ಸುವರ್ಣ ವಿಧಾನಸೌಧದ ಬಳಿ ಕಬ್ಬಿನ ದರಕ್ಕಾಗಿ ಹೋರಾಡುತ್ತಿದ್ದ ರೈತರೊಬ್ಬರು ವಿಷ ಕುಡಿದು ಪ್ರಾಣ ಬಿಟ್ಟರು. ಕಬ್ಬು ಖರೀದಿ ಮತ್ತು ಪೂರೈಕೆ ನಿಯಂತ್ರಣಕ್ಕೆ ಕರ್ನಾಟಕ ತನ್ನದೇ ಕಾಯ್ದೆ ತಂದದ್ದೂ ಅದೇ 2013ರಲ್ಲಿ. ಸಕ್ಕರೆ ಮತ್ತು ಉಪ ಉತ್ಪನ್ನಗಳ ಆದಾಯದಲ್ಲಿ ಶೇ 70ರಷ್ಟು ರೈತನಿಗೆ ಸೇರಬೇಕು ಎಂದು ಅದರ ಹಿಂದಿನ ವರ್ಷ ರಂಗರಾಜನ್ ಸಮಿತಿ ಹೇಳಿತ್ತು. ಹನ್ನೆರಡು ವರ್ಷಗಳ ಮೇಲೆ, 2025ರ ನವೆಂಬರ್‌ನಲ್ಲಿ, ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳುತ್ತ ರಸ್ತೆಯಲ್ಲಿ ಕೂತಿದ್ದರು. ನವೆಂಬರ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸಭೆ ನಡೆಸಿದ ಮೇಲೆ ಶೇ 11.25 ರಿಕವರಿಗೆ 3,300 ರೂಪಾಯಿ ಎಂದು ತೀರ್ಮಾನವಾಯಿತು. ಅದರಲ್ಲಿ 50 ರೂಪಾಯಿ ಸರ್ಕಾರದ್ದು. ದರ ಸಿಕ್ಕಿತು. ಆದರೆ ಆ 3,300ರಲ್ಲೂ ‘ಶೇ 11.25 ರಿಕವರಿಗೆ’ ಎಂಬ ಮಾತು ಕೂತಿದೆ ಎಂಬುದನ್ನು ಮರೆಯಬಾರದು.

ನನಗೆ ಕಾಣುವುದು ಇಷ್ಟು. ಕಾನೂನು ರೈತನಿಗೆ ದರ ಕೊಟ್ಟಿದೆ, ಗಡುವು ಕೊಟ್ಟಿದೆ. ಆದರೆ ಅಳೆಯುವ ಸಾಧನಗಳನ್ನೆಲ್ಲ ಕೊಳ್ಳುವವನ ಕೈಯಲ್ಲೇ ಬಿಟ್ಟಿದೆ. ತೂಕದ ಕಾಟಾ ಕಾರ್ಖಾನೆಯದು, ರಿಕವರಿ ತೆಗೆಯುವ ಲ್ಯಾಬು ಕಾರ್ಖಾನೆಯದು, ಕಟಾವು ಸಾಗಣೆಯ ಖರ್ಚು ಮುರಿದುಕೊಳ್ಳುವುದೂ ಕಾರ್ಖಾನೆಯೇ. ನಮ್ಮ ಅಣ್ಣನ 160 ಟನ್ನಿನಲ್ಲಿ ಟನ್ನಿಗೆ 20 ಕಿಲೋ ಕಡಿಮೆ ತೂಗಿದರೆ 9,600 ರೂಪಾಯಿ ಹೋಯಿತು. ರಿಕವರಿ ಅರ್ಧ ಅಂಶ ಕಡಿಮೆ ತೋರಿಸಿದರೆ 27,000ಕ್ಕೂ ಮೇಲೆ. ದಿಲ್ಲಿಯಲ್ಲಿ ಹತ್ತು ರೂಪಾಯಿ ಏರಿಸಿದ್ದು ಇಲ್ಲಿ ಸದ್ದಿಲ್ಲದೆ ಕರಗಿಹೋಗಬಹುದು. ಕಾರ್ಖಾನೆಗಳ ಗೇಟಿನ ಹೊರಗೆ ಸರ್ಕಾರಿ ಕಾಟಾ ಬೇಕು, ರಿಕವರಿಯನ್ನು ಬೇರೆಯವರು ಪರೀಕ್ಷಿಸಬೇಕು ಎಂದು ರೈತ ಸಂಘಟನೆಗಳು ಕೇಳುತ್ತಿರುವುದು ಇದಕ್ಕಾಗಿಯೇ. ಗಡುವು ದಾಟಿದ ದಿನವೇ ಬಡ್ಡಿ ತಾನಾಗಿ ಬಿಲ್ಲಿಗೆ ಸೇರುವ ವ್ಯವಸ್ಥೆ ಮಾಡುವುದು ಇಂದಿನ ಕಂಪ್ಯೂಟರುಗಳಿಗೆ ಒಂದು ದಿನದ ಕೆಲಸವೂ ಅಲ್ಲ. ಅದನ್ನು ಮಾಡಿಸುವ ಮನಸ್ಸು ಬೇಕು, ಅಷ್ಟೇ.

ಊರು ಬಿಟ್ಟು ಬಂದ ನಾವು ಇದರಲ್ಲಿ ಏನು ಮಾಡಬಹುದು? ದುಡ್ಡು ಕಳಿಸುವುದಂತೂ ಇದ್ದೇ ಇದೆ. ಅದರ ಜೊತೆಗೆ ಈ ಸಲ ಊರಿನಿಂದ ಕಬ್ಬಿನ ತೂಕದ ಚೀಟಿಗಳ ಫೋಟೊ ತರಿಸಿಕೊಳ್ಳಿ. ಕಾರ್ಖಾನೆಯ ಹಿಂದಿನ ಹಂಗಾಮಿನ ರಿಕವರಿ ಎಷ್ಟು, ಕಟಾವು ಸಾಗಣೆಗೆ ಎಷ್ಟು ಮುರಿದಿದ್ದಾರೆ, ಕೊನೆಯ ಟ್ರೇಲರ್ ಹೋದ ದಿನದಿಂದ 14 ದಿನ ಎಂದಿಗೆ ಮುಗಿಯುತ್ತದೆ ಎಂದು ಒಂದು ಎಕ್ಸೆಲ್ ಹಾಳೆಯಲ್ಲಿ ಬರೆದಿಡಿ. ನಾವು ದಿನವೂ ಆಫೀಸಿಗಾಗಿ ಮಾಡುವ ಕೆಲಸವೇ ಇದು. ಗಡುವು ದಾಟಿದರೆ ಜಿಲ್ಲಾಧಿಕಾರಿಗೂ ಸಕ್ಕರೆ ಆಯುಕ್ತರಿಗೂ ಒಂದು ಅರ್ಜಿ ಬರೆದುಕೊಡಿ. ಒಬ್ಬರೇ ಬರೆದರೆ ಅಂಜಿಕೆ ಇರುತ್ತದೆ, ಊರಿನ ಹತ್ತು ಮನೆಯವರು ಸಹಿ ಮಾಡಿದರೆ ಯಾರ ಹೊಲಕ್ಕೆ ಗ್ಯಾಂಗು ತಡೆಯುತ್ತಾರೆ? ಹೋದ ಹಂಗಾಮಿನಿಂದ ನಮ್ಮ ಓಣಿಯ ಏಳು ಮನೆಗಳ ಚೀಟಿಗಳು ನನ್ನ ಫೋನಿಗೆ ಬರುತ್ತಿವೆ. ಉಳಿದ ಮೂರು ಮನೆಯವರನ್ನು ಒಪ್ಪಿಸುವ ಕೆಲಸವನ್ನು ಅಣ್ಣ ತನ್ನ ಮೇಲೆ ಹಾಕಿಕೊಂಡಿದ್ದಾನೆ.