ಬೆಕ್ಕಿನ ಮರಿಗೆ ಒಣ ಆಹಾರ: ಪ್ಯಾಕೆಟ್‌ನ ಹಿಂಬದಿ ಓದಿ ಕೊಳ್ಳಿ

ಕರಾವಳಿಯ ನಮ್ಮ ಮನೆಗಳಲ್ಲಿ ಬೆಕ್ಕಿಗೆ ಬೂತಾಯಿಯ ತಲೆಯಾದರೂ ಸಿಗುತ್ತದೆ. ಘಟ್ಟ ಹತ್ತಿ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆ ಹೋದರೆ ಅದರ ಪಾಲಿಗೆ ಹಾಲು-ರೊಟ್ಟಿ, ಇಲ್ಲವೇ ಹಾಲು-ಅನ್ನ. ಬೆಳೆಯುವ ಮರಿಗೆ ಇದು ಸಾಲದು. ಹಸುವಿನ ಹಾಲು ಅನೇಕ ಮರಿಗಳಿಗೆ ಜೀರ್ಣವಾಗದೆ ಭೇದಿ ಆಗುತ್ತದೆ. ಹಾಗಂತ ಅಂಗಡಿಯಲ್ಲಿ ಕಂಡ ಪ್ಯಾಕೆಟ್ ತಂದು ಸುರಿದರೂ ಆಗದು.

ಮೊದಲು ಪ್ಯಾಕೆಟ್ ಮೇಲೆ ‘ಕಿಟನ್’ ಅಂತ ಇದೆಯಾ ನೋಡಿ. ಮರಿಗೆ ಒಂದು ವರ್ಷ ತುಂಬುವವರೆಗೆ ಇದೇ ಬೇಕು. ಅಮೆರಿಕದ ‘ಆಫ್ಕೊ’ ಮಾನದಂಡದಂತೆ, ತೇವಾಂಶ ಕಳೆದ ಲೆಕ್ಕದಲ್ಲಿ ಮರಿಯ ಆಹಾರದಲ್ಲಿ ಕನಿಷ್ಠ ಶೇ. 30 ಪ್ರೋಟೀನ್, ಶೇ. 9 ಕೊಬ್ಬು ಇರಬೇಕು. ದೊಡ್ಡ ಬೆಕ್ಕಿಗಾದರೆ ಶೇ. 26 ಪ್ರೋಟೀನ್ ಸಾಕು.

ಎರಡನೆಯದು, ಪದಾರ್ಥಗಳ ಪಟ್ಟಿ. ತೂಕದಲ್ಲಿ ಹೆಚ್ಚಿರುವುದನ್ನೇ ಮೊದಲು ಬರೆದಿರುತ್ತಾರೆ. ಅಲ್ಲಿ ಕೋಳಿ ಅಥವಾ ಮೀನು ಇದ್ದರೆ ಒಳ್ಳೆಯದು. ಹಾವೇರಿ ಜಿಲ್ಲೆಯ ಹೊಲಗಳಲ್ಲಿ ಬೆಳೆಯುವ ಮೆಕ್ಕೆಜೋಳವೇ ಮೊದಲ ಸಾಲಿನಲ್ಲಿದ್ದರೆ, ದರ ಕಡಿಮೆ ಅಂತ ಕೊಳ್ಳುವ ಮುಂಚೆ ಯೋಚಿಸಿ. ಸ್ವಲ್ಪ ಧಾನ್ಯ ಇದ್ದರೆ ತೊಂದರೆಯಿಲ್ಲ, ಆದರೆ ಬೆಕ್ಕು ಮಾಂಸಾಹಾರಿ ಪ್ರಾಣಿ.

ಮೂರನೆಯದು ‘ಟಾರಿನ್’. ಬೆಕ್ಕಿನ ದೇಹ ಇದನ್ನು ಬೇಕಾದಷ್ಟು ತಾನೇ ತಯಾರಿಸಿಕೊಳ್ಳಲಾರದು. ಇದರ ಕೊರತೆ ಬಹುಕಾಲ ಮುಂದುವರಿದರೆ ಕಣ್ಣಿನ ದೃಷ್ಟಿ ಹೋಗಬಹುದು, ಹೃದಯದ ಸ್ನಾಯು ಸೋಲಬಹುದು. ಟಾರಿನ್ ಕೊರತೆಗೂ ಹೃದಯ ಕಾಯಿಲೆಗೂ ಇರುವ ನಂಟನ್ನು ಕ್ಯಾಲಿಫೋರ್ನಿಯಾದ ಸಂಶೋಧಕರು 1987ರಲ್ಲಿ ತೋರಿಸಿದರು. ಆ ಬಳಿಕ ತಯಾರಕರು ಬೆಕ್ಕಿನ ಆಹಾರದಲ್ಲಿ ಅದರ ಪ್ರಮಾಣ ಹೆಚ್ಚಿಸಿದರು. ನಾಯಿಯ ಆಹಾರವನ್ನು ಬೆಕ್ಕಿನ ಅಗತ್ಯಕ್ಕೆ ತಕ್ಕಂತೆ ಮಾಡಿರುವುದಿಲ್ಲ. ಮನೆಯಲ್ಲಿ ನಾಯಿಯ ಪ್ಯಾಕೆಟ್ ಇದೆ ಅಂತ ಅದನ್ನೇ ದಿನವೂ ಮರಿಗೆ ಹಾಕಬೇಡಿ.

ತೆರೆದ ಚೀಲದಿಂದ ಕಾಲು ಕೆ.ಜಿ., ಅರ್ಧ ಕೆ.ಜಿ. ತೂಗಿ ಕೊಡುವ ಬಿಡಿ ಆಹಾರ ಬೇಡ. ಅದರಲ್ಲಿ ಪದಾರ್ಥಗಳ ಪಟ್ಟಿಯೂ ಇಲ್ಲ, ಅವಧಿ ಮುಗಿಯುವ ದಿನಾಂಕವೂ ಇಲ್ಲ. ಗಾಳಿ ತಗಲಿದರೆ ಕೊಬ್ಬು ಕಮಟುತ್ತದೆ. ಚಿಕ್ಕ ಪ್ಯಾಕೆಟ್ ತಂದು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಿ.

ನಾಲ್ಕು ವಾರದವರೆಗೆ ಮರಿಗೆ ತಾಯಿಯ ಹಾಲೇ ಸರಿ. ಬಳಿಕ ಒಣ ಆಹಾರವನ್ನು ಬೆಚ್ಚಗಿನ ನೀರಿನಲ್ಲಿ ನೆನೆಸಿ ಕೊಡಿ. ಎಂಟು ವಾರದ ಹೊತ್ತಿಗೆ ಒಣದನ್ನೇ ತಿನ್ನುತ್ತದೆ. ಆರು ತಿಂಗಳವರೆಗೆ ದಿನಕ್ಕೆ ಮೂರು-ನಾಲ್ಕು ಸಲ ಸ್ವಲ್ಪ ಸ್ವಲ್ಪವೇ ಹಾಕಿ. ಒಣ ಆಹಾರದಲ್ಲಿ ತೇವಾಂಶ ಸುಮಾರು ಶೇ. 10 ಮಾತ್ರ, ಹಾಗಾಗಿ ಪಕ್ಕದಲ್ಲಿ ಸದಾ ಶುದ್ಧ ನೀರು ಇರಲಿ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿಗೆ ವಿಷ. ಅವು ಬಿದ್ದ ಸಾರು ಕಲಸಿ ಕೊಡಬೇಡಿ.

ವಾರಕ್ಕೊಮ್ಮೆ ಮರಿಯನ್ನು ತೂಗಿ. ಮೊದಲ ತಿಂಗಳುಗಳಲ್ಲಿ ವಾರಕ್ಕೆ ಸುಮಾರು 100 ಗ್ರಾಂ ಏರಿದರೆ ಆಹಾರ ಮೈಗೆ ಹತ್ತುತ್ತಿದೆ ಎಂದರ್ಥ. ತೂಕ ನಿಂತರೆ ಅಥವಾ ಭೇದಿ ಬಿಡದಿದ್ದರೆ ತಡಮಾಡದೆ ತಾಲೂಕಿನ ಪಶು ಆಸ್ಪತ್ರೆಗೆ ಕರೆದೊಯ್ಯಿರಿ. ಹೋಗುವಾಗ ಆಹಾರದ ಪ್ಯಾಕೆಟನ್ನೂ ಜೊತೆಗೆ ಒಯ್ದು ವೈದ್ಯರಿಗೆ ತೋರಿಸಿ.