ಕೊಳದ ಘಾಟು ಕ್ಲೋರಿನ್ನದಲ್ಲ

ಅಜ್ಜಾವರದ ಕಡೆ ಈಜು ಕಲಿಯಲು ಹೆಚ್ಚಿನದೇನೂ ಬೇಕಿರಲಿಲ್ಲ. ತೋಟದ ಕೆರೆ ಅಥವಾ ಪಯಸ್ವಿನಿ ಹೊಳೆಯ ಒಂದು ಗುಂಡಿ, ಸೊಂಟಕ್ಕೆ ಕಟ್ಟಿಕೊಳ್ಳಲು ಎರಡು ಒಣ ತೆಂಗಿನಕಾಯಿ, ದಡದಲ್ಲಿ ನಿಂತು ಬೈಯಲು ಒಬ್ಬ ಮಾವ ಇದ್ದರೆ ಸಾಕಿತ್ತು. ಈಗ ಬೇಸಗೆ ರಜೆಯಲ್ಲಿ ಮಕ್ಕಳನ್ನು ಪುತ್ತೂರಿನ ಬಾಲವನದ ಈಜುಕೊಳಕ್ಕೋ ಮಂಗಳೂರಿಗೋ ಕರೆದೊಯ್ಯುವವರಿದ್ದಾರೆ. ಈಜುಕೊಳ ಯಾವುದೇ ಇರಲಿ, ಕಣ್ಣು ಕೆಂಪಾಗಿ ಮೂಗು ಉರಿದರೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಕ್ಲೋರಿನ್ ಸುರಿದಿದ್ದಾರೆ ಮಾರಾಯ್ರೆ!"

ನಿಜ ಹೇಳಬೇಕೆಂದರೆ, ಘಾಟು ಹೊಡೆಯುವ ಕೊಳದಲ್ಲಿ ಕೆಲಸಕ್ಕೆ ಬರುವ ಕ್ಲೋರಿನ್ ಎಷ್ಟೋ ಸಲ ಕಡಿಮೆಯೇ ಇರುತ್ತದೆ. 50 ಮೀಟರ್ ಉದ್ದ, 25 ಮೀಟರ್ ಅಗಲ, 2 ಮೀಟರ್ ಆಳದ ಕೊಳವೆಂದರೆ 25 ಲಕ್ಷ ಲೀಟರ್ ನೀರು. ಲೀಟರಿಗೆ ಒಂದು ಮಿಲಿಗ್ರಾಂ ಲೆಕ್ಕದಲ್ಲಿ ಅಷ್ಟಕ್ಕೂ ಸೇರಿ ಬರುವುದು ಎರಡೂವರೆ ಕಿಲೋ ಕ್ಲೋರಿನ್. ಅಷ್ಟು ತೆಳುವಾಗಿ ಬೆರೆತ ಶುದ್ಧ ಕ್ಲೋರಿನ್ ಮೂಗಿಗೆ ಹೆಚ್ಚೇನೂ ತಿಳಿಯುವುದಿಲ್ಲ.

ನೀರಿಗೆ ಬಿದ್ದ ಕ್ಲೋರಿನ್ ಹೈಪೋಕ್ಲೋರಸ್ ಆಮ್ಲವಾಗುತ್ತದೆ. ಕ್ರಿಮಿಗಳನ್ನು ಕೊಲ್ಲುವ ಮುಖ್ಯ ಕೆಲಸ ಅದರದ್ದು. ನೀರಿನ ಪಿಎಚ್ 7.5 ಇದ್ದರೆ ಕ್ಲೋರಿನ್ನಿನ ಅರ್ಧದಷ್ಟು ಈ ರೂಪದಲ್ಲಿರುತ್ತದೆ; 8ಕ್ಕೆ ಏರಿದರೆ ಕಾಲು ಭಾಗವಷ್ಟೇ. ಕ್ಲೋರಿನ್ ಪುಡಿ ಎಷ್ಟು ಹಾಕಿದರೆಂಬುದಕ್ಕಿಂತ ನೀರು ಹೇಗಿದೆ ಎಂಬುದನ್ನು ನೋಡಿಕೊಳ್ಳುವವನೇ ಒಳ್ಳೆಯ ಆಪರೇಟರ್.

ಆದರೆ ಈ ಆಮ್ಲಕ್ಕೆ ಕ್ರಿಮಿ ಯಾವುದು, ಬೆವರು ಯಾವುದು ಎಂಬ ಭೇದವಿಲ್ಲ. ಬೆವರಿನ, ಮೂತ್ರದ ಯೂರಿಯಾ ಮತ್ತು ಅಮೋನಿಯಾದ ಜತೆ ಸೇರಿ ಅದು ಕ್ಲೋರಮೀನ್‌ಗಳಾಗುತ್ತದೆ. ಅವುಗಳಲ್ಲಿ ಕೊನೆಯದು, ಮೂರು ಕ್ಲೋರಿನ್ ಅಂಟಿಸಿಕೊಂಡ ಟ್ರೈಕ್ಲೋರಮೀನ್, ನೀರಿನಲ್ಲಿ ಹೆಚ್ಚು ಹೊತ್ತು ನಿಲ್ಲದೆ ಗಾಳಿಗೇರುತ್ತದೆ. ನಾವು ಕ್ಲೋರಿನ್ ಎನ್ನುವ ಘಾಟು ಬಹುಪಾಲು ಇದರದ್ದೇ. ಬಯಲು ಕೊಳದಲ್ಲಿ ಗಾಳಿ ಅದನ್ನು ಒಯ್ಯುತ್ತದೆ. ಮಾಡು ಇರುವ ಕೊಳದಲ್ಲಿ ನೀರಿನ ಮೇಲೆಯೇ, ಈಜುಗಾರ ಬಾಯಿ ತೆರೆದು ಉಸಿರೆಳೆಯುವ ಎತ್ತರದಲ್ಲೇ ಉಳಿದುಬಿಡುತ್ತದೆ. ಯುರೋಪಿನ ಒಳಾಂಗಣ ಕೊಳಗಳಲ್ಲಿ ದಿನವಿಡೀ ದುಡಿಯುವವರಲ್ಲಿ ಕಣ್ಣುರಿ, ಕೆಮ್ಮು ಹೆಚ್ಚೆಂದು ಅಧ್ಯಯನಗಳು ತೋರಿಸಿವೆ.

ಕೊಳದಲ್ಲಿ ಮೂತ್ರ ಎಷ್ಟಿರುತ್ತದೆ? ಕೇಳಲು ಮುಜುಗರದ ಪ್ರಶ್ನೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 2017ರಲ್ಲಿ ಇದಕ್ಕೊಂದು ಉಪಾಯ ಹುಡುಕಿದರು. ಸಕ್ಕರೆಗೆ ಬದಲಾಗಿ ಬಳಸುವ ಅಸೆಸಲ್ಫೇಮ್ ಎಂಬ ಸಿಹಿ ಪದಾರ್ಥ ಹೊಟ್ಟೆಯಲ್ಲಿ ಕರಗದೆ ಹಾಗೆಯೇ ಮೂತ್ರದಲ್ಲಿ ಹೋಗುತ್ತದೆ. ಕೊಳದ ನೀರಿನಲ್ಲಿ ಅದನ್ನು ಅಳೆದು ನೋಡಿದಾಗ, 8.3 ಲಕ್ಷ ಲೀಟರಿನ ಒಂದು ಕೊಳದಲ್ಲಿ ಸುಮಾರು 75 ಲೀಟರ್ ಮೂತ್ರವಿದೆಯೆಂಬ ಅಂದಾಜು ಸಿಕ್ಕಿತು. "ನಮ್ಮ ಮಕ್ಕಳು ಹಾಗೆ ಮಾಡುವುದಿಲ್ಲ" ಎನ್ನುವ ತಂದೆತಾಯಿ ಅಲ್ಲಿಯೂ ಇದ್ದಿರಬೇಕು!

ಇದಕ್ಕೆ ಮದ್ದು ಕೊಳಕ್ಕಿಳಿಯುವ ಮೊದಲು ಶವರ್ ಕೆಳಗೆ ಒಂದು ನಿಮಿಷ ಮೈ ತಿಕ್ಕಿಕೊಳ್ಳುವುದು, ಎಣ್ಣೆ-ಪೌಡರ್ ತೊಳೆಯುವುದು, ಶೌಚಾಲಯಕ್ಕೆ ಹೋಗಿ ಬರುವುದು. ಇನ್ನೊಂದು ಮದ್ದು ಹೊಸ ನೀರು. ಜರ್ಮನಿಯ ಮಾನದಂಡದ ಪ್ರಕಾರ ಒಬ್ಬ ಈಜುಗಾರನಿಗೆ 30 ಲೀಟರ್ ಹೊಸ ನೀರು ಕೊಳಕ್ಕೆ ಸೇರಬೇಕು. ನಮ್ಮಲ್ಲಿ ಈಜು ಶಿಬಿರಗಳ ನೂಕುನುಗ್ಗಲು ಏಪ್ರಿಲ್-ಮೇ ತಿಂಗಳಲ್ಲಿ. ಹೊಳೆ ಸೊರಗಿ, ಬೋರ್‌ವೆಲ್ ಕೆಮ್ಮುವುದೂ ಅದೇ ತಿಂಗಳುಗಳಲ್ಲಿ. ನೀರು ಬದಲಿಸಲಾಗದಾಗ ಇನ್ನಷ್ಟು ಕ್ಲೋರಿನ್ ಹಾಕುವುದೊಂದೇ ದಾರಿಯಾಗಿ ಉಳಿಯುತ್ತದೆ. ಯೂರಿಯಾ ಅದಕ್ಕೂ ಅಷ್ಟು ಬೇಗ ಜಗ್ಗುವುದಿಲ್ಲ.

ಹಾಗಾದರೆ ನಮ್ಮ ಕೆರೆಯೇ ವಾಸಿಯೇ? ಹಾಗೂ ಹೇಳುವಂತಿಲ್ಲ. ಗಡಿಯಾಚೆ ಕೇರಳದಲ್ಲಿ 2024ರಿಂದೀಚೆಗೆ ಮೆದುಳಿಗೆ ಹತ್ತುವ ಅಮೀಬಾ ಸೋಂಕಿನ ಪ್ರಕರಣಗಳು ಹೆಚ್ಚಿವೆ. ಇವುಗಳಲ್ಲಿ ಹೆಚ್ಚು ಭಯ ಹುಟ್ಟಿಸಿದ ನೇಗ್ಲೇರಿಯಾ ಬೆಚ್ಚಗಿನ ನಿಂತ ನೀರಿನಿಂದ ಮೂಗಿನ ಮೂಲಕ ಒಳಹೋಗುತ್ತದೆ. ಅದು ಹತ್ತಿದವರಲ್ಲಿ ಬದುಕುಳಿಯುವವರು ಬಹಳ ಕಡಿಮೆ. ಕ್ಲೋರಮೀನ್‌ನಂಥ ಉಪ ಉತ್ಪನ್ನಗಳಿಗೆ ಹೆದರಿ ಕೊಳದ ಕ್ಲೋರಿನ್ ನಿಲ್ಲಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇಂಥ ಕಾರಣಕ್ಕೇ.

ಹಾಗೆಂದು ತೋಟದ ಕೆರೆಗೆ ಒಂದು ಚೀಲ ಬ್ಲೀಚಿಂಗ್ ಪೌಡರ್ ಸುರಿದು ನಿಶ್ಚಿಂತರಾಗುವಂತಿಲ್ಲ. 1974ರಲ್ಲಿ ನೆದರ್‌ಲ್ಯಾಂಡ್ಸಿನ ರಾಟರ್‌ಡ್ಯಾಮ್ ನೀರು ಸರಬರಾಜಿನ ರಸಾಯನಶಾಸ್ತ್ರಜ್ಞ ಯೋಹಾನೆಸ್ ರೂಕ್ ತೋರಿಸಿಕೊಟ್ಟದ್ದು ಇದು: ಕೊಳೆತ ಸಸ್ಯಾಂಶ ಕರಗಿದ ನೀರಿಗೆ ಕ್ಲೋರಿನ್ ಸೇರಿದರೆ ಕ್ಲೋರೋಫಾರ್ಮ್ ಮತ್ತು ಅದರ ಬಳಗದ ಟ್ರೈಹ್ಯಾಲೋಮೀಥೇನ್‌ಗಳು ಹುಟ್ಟುತ್ತವೆ. ಸೋಗೆ, ಎಲೆ ಬಿದ್ದು ಚಹಾ ಬಣ್ಣಕ್ಕೆ ತಿರುಗಿದ ಕೆರೆಯಲ್ಲಿ ಪುಡಿಯ ಬಹುಪಾಲು ಎಲೆಯ ಸಾರದ ಮೇಲೆಯೇ ವ್ಯಯವಾಗುತ್ತದೆ. ಕ್ರಿಮಿಗೆ ಸಾಕಾಗುವಷ್ಟು ಉಳಿಯಬೇಕೆಂದು ಮತ್ತೆ ಮತ್ತೆ ಸುರಿದರೆ ಮೀನು ಸಾಯುತ್ತವೆ. ಕೆಸರು ಕದಡದಿರುವುದು, ಮೂಗಿಗೆ ಕ್ಲಿಪ್ ಹಾಕುವುದು, ತಲೆ ಕೆಳಗಾಗಿ ಹಾರದಿರುವುದು ಅಲ್ಲಿ ಹೆಚ್ಚು ಪ್ರಯೋಜನಕಾರಿ. ಬಾವಿಯ ಮಾತು ಬೇರೆ. ತಿಳಿನೀರಾದರೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರನ್ನು ಬಕೆಟಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಬಾವಿಗೆ ಬಿಟ್ಟು, ಒಂದು ಗಂಟೆ ಕಾದು ನೀರು ಸೇದಬಹುದು.