ಕುಕ್ಸನ್ ಗುಡ್ಡಗಳ ದರೋಡೆಕೋರ

ಚಾರ್ಲ್ಸ್ ಆರ್ಥರ್ ಫ್ಲಾಯ್ಡ್ ಹುಟ್ಟಿದ್ದು 1904ರಲ್ಲಿ, ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ. ಅವನು ಚಿಕ್ಕವನಿದ್ದಾಗಲೇ ಕುಟುಂಬ ಒಕ್ಲಹೋಮಾದ ಏಕಿನ್ಸ್ ಹಳ್ಳಿಗೆ ವಲಸೆ ಬಂತು. ಕುಕ್ಸನ್ ಗುಡ್ಡಗಳ ಮಗ್ಗುಲಿನ ಆ ಸೀಮೆಯಲ್ಲಿ ಹತ್ತಿಯನ್ನು ನಂಬಿಯೇ ಬದುಕು. ಎಷ್ಟೋ ಮಂದಿಗೆ ಸ್ವಂತ ಹೊಲವಿಲ್ಲ, ಗೇಣಿ ಇಲ್ಲವೇ ಪಾಲು. ಬಿತ್ತುವಾಗ ಸಾಲ, ಫಸಲು ಬಂದಾಗ ತೀರುವಳಿ, ಮತ್ತೆ ಸಾಲ. ಊರವರಿಗೆ ಅವನು ‘ಚಾಕ್’. ‘ಪ್ರೆಟಿ ಬಾಯ್’ ಎಂಬುದು ಪತ್ರಿಕೆಗಳು ಮೆರೆಸಿದ ಅಡ್ಡಹೆಸರು. ಅದನ್ನು ಕಂಡರೆ ಅವನಿಗಾಗುತ್ತಿರಲಿಲ್ಲ.

1925ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಕಂಪನಿಯೊಂದರ ಸಂಬಳದ ಹಣ ದೋಚಿ ಸಿಕ್ಕಿಬಿದ್ದ. ಐದು ವರ್ಷದ ಶಿಕ್ಷೆಯಾಗಿ, 1929ರಲ್ಲಿ ಬಿಡುಗಡೆಯಾದ. ಅದೇ ವರ್ಷ ಅವನ ತಂದೆ ಜಗಳವೊಂದರಲ್ಲಿ ಗುಂಡೇಟಿಗೆ ಸತ್ತ, ಕೊಂದವನು ಖುಲಾಸೆಯಾದ.

ಮಹಾ ಆರ್ಥಿಕ ಕುಸಿತ ಶುರುವಾದದ್ದೂ ಆಗಲೇ. 1929ರಲ್ಲಿ ಪೌಂಡಿಗೆ ಸುಮಾರು 17 ಸೆಂಟ್ ಇದ್ದ ಹತ್ತಿ 1931ರಲ್ಲಿ 6 ಸೆಂಟಿಗೂ ಕೆಳಗಿಳಿಯಿತು. 1930ರಿಂದ 1933ರೊಳಗೆ ದೇಶದಲ್ಲಿ ಸುಮಾರು 9,000 ಬ್ಯಾಂಕುಗಳು ಮುಳುಗಿದವು. ಠೇವಣಿಗೆ ಕೇಂದ್ರ ಸರ್ಕಾರದ ವಿಮೆ ಬಂದದ್ದು 1934ರಲ್ಲಿ. ಅಲ್ಲಿಯವರೆಗೆ ಬ್ಯಾಂಕು ಬಾಗಿಲು ಹಾಕಿದರೆ ಕೂಡಿಟ್ಟ ದುಡ್ಡಿಗೆ ಖಾತರಿಯಿಲ್ಲ. ಬಾಗಿಲು ತೆರೆದೇ ಇದ್ದರೆ ಸಾಲಕ್ಕೆ ಹೊಲ ಹರಾಜು. ಬ್ಯಾಂಕು ದೋಚತೊಡಗಿದ ಫ್ಲಾಯ್ಡನನ್ನು ನಾಯಕನನ್ನಾಗಿಸಿದ್ದು ಅವನ ಗುಣಕ್ಕಿಂತ ಹೆಚ್ಚಾಗಿ ರೈತರ ಈ ಸಂಕಟ.

1932ರ ನವೆಂಬರ್ 1ರಂದು ಅವನು ಸ್ವಂತ ಸೀಮೆಯ ಸ್ಯಾಲಿಸಾ ಪಟ್ಟಣಕ್ಕೇ ಬಂದ. ಗುರುತಿನವರ ಕಣ್ಣೆದುರೇ, ಹಾಡಹಗಲಲ್ಲಿ ಬ್ಯಾಂಕಿಗೆ ನುಗ್ಗಿ ಸುಮಾರು 2,500 ಡಾಲರ್ ಹೊತ್ತೊಯ್ದ. ಗುಡ್ಡಗಳಲ್ಲಿ ಅವನನ್ನು ಬಚ್ಚಿಟ್ಟವರಿಗೆ, ಊಟ ಹಾಕಿದವರಿಗೆ ಕೈತುಂಬ ಕೊಡುತ್ತಿದ್ದನೆಂಬ ಮಾತು ಹಬ್ಬಿತು. ಬ್ಯಾಂಕಿನಲ್ಲಿದ್ದ ಅಡಮಾನ ಪತ್ರಗಳನ್ನು ಹರಿದು ರೈತರ ಸಾಲ ತೀರಿಸಿದನೆಂಬುದು ಇನ್ನೂ ದೊಡ್ಡ ಕಥೆ. ಇದಕ್ಕೆ ಗಟ್ಟಿ ಪುರಾವೆಯಿಲ್ಲ. ಅಡಮಾನ ಸಾಮಾನ್ಯವಾಗಿ ಕೌಂಟಿ ಕಚೇರಿಯಲ್ಲೂ ನೋಂದಣಿಯಾಗುತ್ತಿದ್ದರಿಂದ ಕಾಗದ ಹರಿದ ಮಾತ್ರಕ್ಕೆ ಸಾಲ ಮನ್ನಾ ಆಗುತ್ತಲೂ ಇರಲಿಲ್ಲ. ಆದರೆ ಹೊಲ ಕಳೆದುಕೊಳ್ಳುವ ಭಯದಲ್ಲಿದ್ದವರು ಅದನ್ನು ನಂಬಿದರು.

ಅವನ ಕೈಗೆ ರಕ್ತವೂ ಅಂಟಿತ್ತು. 1932ರ ಏಪ್ರಿಲ್‌ನಲ್ಲಿ ತನ್ನನ್ನು ಹಿಡಿಯಲು ಹೊಂಚು ಹಾಕಿದ್ದ ಮಾಜಿ ಶೆರಿಫ್ ಅರ್ವ್ ಕೆಲ್ಲಿಯನ್ನು ಗುಂಡಿಟ್ಟು ಕೊಂದ. 1933ರ ಜೂನ್ 17ರಂದು ಕ್ಯಾನ್ಸಸ್ ಸಿಟಿ ರೈಲು ನಿಲ್ದಾಣದೆದುರು ನಾಲ್ವರು ಅಧಿಕಾರಿಗಳೂ ಅವರ ವಶದಲ್ಲಿದ್ದ ಕೈದಿಯೂ ಸತ್ತ ದಾಳಿಯ ಆರೋಪವೂ ಅವನ ತಲೆಗೆ ಬಂತು. ತಾನಲ್ಲವೆಂದು ಫ್ಲಾಯ್ಡ್ ಕೊನೆಯವರೆಗೂ ಅಂದ. ಆ ವಿವಾದ ಇಂದಿಗೂ ಬಗೆಹರಿದಿಲ್ಲ.

1934ರ ಜುಲೈನಲ್ಲಿ ಮತ್ತೊಬ್ಬ ಬ್ಯಾಂಕು ದರೋಡೆಕೋರ ಜಾನ್ ಡಿಲಿಂಜರ್ ಹತನಾದ ಮೇಲೆ ಪೊಲೀಸರ ಬೇಟೆ ಫ್ಲಾಯ್ಡನ ಕಡೆ ತಿರುಗಿತು. ಅಕ್ಟೋಬರ್ 22ರಂದು ಒಹಾಯೊದ ಹೊಲಮನೆಯೊಂದಕ್ಕೆ ಹಸಿದು ಬಂದ. ಬೇಟೆಗೆ ಬಂದು ದಾರಿ ತಪ್ಪಿತೆಂದು ಹೇಳಿ ಊಟ ಕೇಳಿದ, ಮನೆಯೊಡತಿ ಬಡಿಸಿದರು, ಒಂದು ಡಾಲರ್ ಕೊಟ್ಟ. ಸ್ವಲ್ಪ ಹೊತ್ತಿನಲ್ಲೇ ಮೆಲ್ವಿನ್ ಪರ್ವಿಸ್ ನೇತೃತ್ವದ ಕೇಂದ್ರದ ಏಜೆಂಟರೂ ಸ್ಥಳೀಯ ಪೊಲೀಸರೂ ಬಂದಿಳಿದರು. ಹೊಲದಲ್ಲಿ ಓಡುತ್ತಿದ್ದವನಿಗೆ ಗುಂಡು ಬಿತ್ತು. ಏಕಿನ್ಸ್‌ನಲ್ಲಿ ನಡೆದ ಅಂತ್ಯಕ್ರಿಯೆಗೆ ಕನಿಷ್ಠ 20,000 ಜನ ಸೇರಿದ್ದರೆಂದು ಅಂದಾಜು.

ಐದು ವರ್ಷದ ನಂತರ, 1939ರಲ್ಲಿ, ಅವನು ಸಾಹಿತ್ಯಕ್ಕೂ ಬಂದ. ಜಾನ್ ಸ್ಟೈನ್‌ಬೆಕ್‌ರ ‘ದಿ ಗ್ರೇಪ್ಸ್ ಆಫ್ ರಾತ್’ ಕಾದಂಬರಿಯ ಜೋಡ್ ಕುಟುಂಬ ಸ್ಯಾಲಿಸಾ ಕಡೆಯದೇ. ಆ ಮನೆಯ ತಾಯಿ ಫ್ಲಾಯ್ಡನನ್ನು ಬೆನ್ನಟ್ಟಿ ಕೆಡಿಸಿದ ಹುಡುಗನೆಂದು ಮರುಗುತ್ತಾಳೆ. ಅದೇ ವರ್ಷ ಒಕ್ಲಹೋಮಾದವರೇ ಆದ ವುಡಿ ಗತ್ರಿ ಅವನ ಮೇಲೆ ಹಾಡು ಕಟ್ಟಿದರು. ಹೆಂಡತಿಯೆದುರು ಒರಟಾಗಿ ಮಾತಾಡಿದ ಡೆಪ್ಯುಟಿಯೊಬ್ಬನೊಡನೆ ಆದ ಜಗಳವೇ ಫ್ಲಾಯ್ಡನನ್ನು ಕಾಡಿಗಟ್ಟಿತೆಂದು ಹಾಡು ಹೇಳುತ್ತದೆ. ಸೇಂಟ್ ಲೂಯಿಸ್‌ನ ಸಂಬಳದ ಹಣವಾಗಲಿ ಅರ್ವ್ ಕೆಲ್ಲಿಯಾಗಲಿ ಅದರಲ್ಲಿಲ್ಲ.